ಬಾಳೂರು ಗುಡ್ಡದ ಡ್ರೈವರ್

ಬಾಳೂರು
18 ಆಗಸ್ಟ್ 2025

ಪ್ರೀತಿಯ ನಿಖಿತಾ,

ಎರಡು ತಿಂಗಳಿಂದ ನಿನ್ನ ಫೋನ್ ಎತ್ತದವಳು ಈಗ ಕಾಗದ ಬರೆಯುತ್ತಿದ್ದೇನೆ. ಸಿಟ್ಟಿದ್ದರೆ ಪಕ್ಕಕ್ಕಿಡು, ಹರಿಯಬೇಡ. ಸುದ್ದಿ ಒಳ್ಳೆಯದು. ನಮ್ಮ ಯಂತ್ರ ಗೆದ್ದಿತು! ಗುಡ್ಡದ ಕೆಳಗಿನ ಕೂಲಿ ಲೈನ್ ಮನೆಗಳ ನಲವತ್ತಮೂರು ಜನರೂ ಬದುಕಿದ್ದಾರೆ.

ನಿಮ್ಮ ತಂದೆಯವರು ಫೋನಿನಲ್ಲಿ ಗುಡ್ಡ ಜಾರಿದ್ದು ಹೇಳಿರುತ್ತಾರೆ. ಹೇಗೆ ಜಾರಿತು, ನಾವು ಹೇಗೆ ಉಳಿದೆವು ಎನ್ನುವುದನ್ನು ನಾನೇ ಹೇಳಬೇಕು.

ಏಪ್ರಿಲ್‌ನಲ್ಲಿ ಮೂಡಿಗೆರೆಯ ನಮ್ಮ ವರ್ಕ್‌ಶಾಪಿನಲ್ಲಿ ಜಗಳ ಆಡಿದ್ದು ನೆನಪಿದೆಯಲ್ಲ? ಗುಡ್ಡ ಕದಲುವುದನ್ನು ಹಿಡಿಯಲು ಒಂಬತ್ತು ಸೆನ್ಸರ್ ಕಂಬ ಹುಗಿದಾಗಿತ್ತು. ಕಂಬ ಓರೆಯಾದರೆ ನಿಮ್ಮ ಎಸ್ಟೇಟ್ ಆಫೀಸಿನ ಕಂಪ್ಯೂಟರಿಗೆ ತಿಳಿಯಬೇಕು, ಅದಕ್ಕೊಂದು ಡ್ರೈವರ್ ಬರೆಯಬೇಕು. ಡ್ರೈವರ್ ಎಂದರೇನು ಎಂದು ಅವ್ವ ಕೇಳಿದಾಗ, ಕಂಬದ ಮಾತನ್ನು ಕಂಪ್ಯೂಟರಿಗೆ ಮುಟ್ಟಿಸುವುದು ಎಂದಿದ್ದೆ. "ನಮ್ ಮಾತು ಧಣಿಗೆ ಮುಟ್ಸೋ ಮೇಸ್ತ್ರಿ ಇದ್ದಂಗೆ ಅನ್ನು," ಎಂದು ಅವಳು ಮೊರದಲ್ಲಿ ಅಕ್ಕಿ ಕೇರುತ್ತಲೇ ಅಂದಳು.

ಹೊರಗಿನ ಕಂಪನಿಯ ಸಿದ್ಧ ಫ್ರೇಮ್‌ವರ್ಕ್ ತಗೊಳ್ಳೋಣ, ಕಷ್ಟದ ಭಾಗ ಅವರೇ ಮಾಡಿಟ್ಟಿದ್ದಾರೆ, ಮಳೆಗೆ ಆರೇ ವಾರ ಉಳಿದಿದೆ ಎಂದು ನಿನ್ನ ವಾದ. ಕಂಪ್ಯೂಟರಿನ ಮೂಲ ವ್ಯವಸ್ಥೆ ಮಾಡಿದವರೇ ಕೊಡುವ ಟೂಲ್‌ಕಿಟ್‌ನಲ್ಲಿ ಬರೆಯೋಣ, ತಡವಾದರೂ ಪ್ರತಿ ಸಾಲೂ ನಮ್ಮ ಕೈಯಲ್ಲಿರುತ್ತದೆ ಎಂದು ನನ್ನದು. ನೀನು ಗೆದ್ದೆ. ಎರಡೇ ವಾರದಲ್ಲಿ ಒಂಬತ್ತೂ ಕಂಬ ಪರದೆಯ ಮೇಲೆ ಬಂದವು. ಆಮೇಲೆ ನೀನು ಮೈಸೂರಿನ ಕಾಲೇಜು ಸೇರಿದೆ.

ಜೂನ್ ಮೊದಲ ವಾರ ಕಂಪ್ಯೂಟರ್ ತಾನಾಗಿ ಅಪ್‌ಡೇಟ್ ಆಯಿತು. ಬೆಳಗ್ಗೆ ನೋಡಿದರೆ ಫ್ರೇಮ್‌ವರ್ಕ್ ನಿಂತುಹೋಗಿ ಪರದೆ ಖಾಲಿ. ಆ ದಿನ ಫೋನಿನಲ್ಲಿ ನಿನಗೆ ಏನೆಲ್ಲ ಅಂದೆ! "ಬಾಡಿಗೆ ಕಾಲಲ್ಲಿ ನಡೆಸಿದ್ದು ನೀನು, ಬಿದ್ದಿದ್ದು ನಾವು. ಆ ಗುಡ್ಡದ ಕೆಳಗೆ ನಿಮ್ಮ ಮನೆ ಇಲ್ಲವಲ್ಲ!" ನಾನು ಫೋನ್ ಇಟ್ಟೆ.

ಆಮೇಲೆ ಆರು ವಾರ ಟೂಲ್‌ಕಿಟ್‌ನೊಂದಿಗೆ ಗುದ್ದಾಡಿದೆ. ಒಂದು ಸಾಲು ತಪ್ಪಿದರೆ ಇಡೀ ಕಂಪ್ಯೂಟರ್ ಬಿದ್ದುಹೋಗುತ್ತಿತ್ತು. ಎಷ್ಟು ಸಲ ಬಿತ್ತೋ ಲೆಕ್ಕವಿಟ್ಟಿಲ್ಲ. ಆ ಆರು ವಾರವೂ ಮೇಸ್ತ್ರಿ ಭೂತಯ್ಯ ದಿನಕ್ಕೆ ನಾಲ್ಕು ಸಲ, ಕಂಬಳಿ ಹೊದ್ದು, ಕಾಲಿಗೆ ಕಚ್ಚುವ ಜಿಗಣೆ ಕಿತ್ತುಕೊಂಡು, ಗುಡ್ಡ ಹತ್ತಿ ಕಂಬ ನೋಡಿ ಬಂದ. ಜುಲೈ ಮಧ್ಯದಲ್ಲಿ ನನ್ನ ಡ್ರೈವರ್ ಬೀಳದೆ ನಿಂತಿತು. ಮೊದಲು ಕಂಪ್ಯೂಟರೇ ಐದು ನಿಮಿಷಕ್ಕೊಮ್ಮೆ ಕಂಬಗಳನ್ನು ಕೇಳುತ್ತಿತ್ತು. ಈಗ ಕಂಬ ಕದಲಿದ ಕ್ಷಣವೇ ಕೂಗಿ ಹೇಳುವಂತೆ ಮಾಡಿದೆ.

ಕಳೆದ ಗುರುವಾರ ಮಧ್ಯಾಹ್ನ ಮೂರು ನಲವತ್ತಕ್ಕೆ ಸೈರನ್ ಹೊಡೆಯಿತು.

ನಾನು ಆಫೀಸಿನಲ್ಲೇ ಇದ್ದೆ. ಮೂರು ಕಂಬ ಒಟ್ಟಿಗೆ ವಾಲಿದ್ದವು. ಓಡಿದೆ. ಭೂತಯ್ಯ ಆಗಲೇ ಬಾಗಿಲು ಬಡಿಯುತ್ತಿದ್ದ. ಅಪ್ಪ ಮುದುಕಿಯೊಬ್ಬಳನ್ನು ಬೆನ್ನ ಮೇಲೆ ಹೊತ್ತಿದ್ದ. ಅವ್ವ ಮಾತ್ರ ಒಲೆ ಮುಂದಿನಿಂದ ಏಳಲೊಲ್ಲಳು.

"ಅನ್ನ ಬೇಯ್ತಾ ಐತೆ ಕಣೇ, ಸುಮ್ನೆ ಹೊಡ್ಕಂಡಿರ್ಬೋದು ನಿನ್ ಪೀಪಿ," ಎಂದಳು.

"ಅವ್ವ, ಅದನ್ನ ಬರ್ದಿದ್ದು ನಾನು. ಸುಮ್ನೆ ಹೊಡಿಯಲ್ಲ," ಎಂದು ಕೈ ಹಿಡಿದು ಎಳೆದೆ.

ನನ್ನ ಮುಖ ನೋಡಿದಳು. ಒಲೆಯ ಕೊಳ್ಳಿ ಹೊರಗೆಳೆದು ನೀರು ಹಾಕಿ ಎದ್ದಳು.

ಎಲ್ಲರೂ ಓಡಿ ಸೇರಿದ ಶಾಲೆಯ ಜಗಲಿಯಲ್ಲಿ ಭೂತಯ್ಯ ಎಣಿಸಿದ. ನಲವತ್ತೆರಡು. ಮತ್ತೆ ಎಣಿಸಿದ. ನಲವತ್ತೆರಡೇ. ಪಕ್ಕದ ಮನೆಯ ಕೃಷ್ಣಮ್ಮ ಇರಲಿಲ್ಲ. ಅಪ್ಪ ವಾಪಸು ಹೊರಟೇಬಿಟ್ಟ. ನಾಲ್ಕು ಜನ ಹಿಡಿದುಕೊಂಡರು. ಅಷ್ಟರಲ್ಲಿ ಗುಡ್ಡ ಬಂತು. ಮರಗಳು ನಿಂತಂತೆಯೇ ನಡೆದುಬಂದಂತೆ ಕಂಡವು. ಆರು ಮನೆ ಮಣ್ಣಿನಡಿ ಹೋದವು, ಅದರಲ್ಲಿ ನಮ್ಮದೂ ಒಂದು. ಹಿಂದಿನಿಂದ ಕೃಷ್ಣಮ್ಮನ ದನಿ: "ಏನಾತ್ರೋ ಇಲ್ಲಿ?" ಕಳಸದ ಬಸ್ಸಿಳಿದು, ಛತ್ರಿ ಹಿಡಿದು, ಸಂತೆ ಚೀಲದೊಂದಿಗೆ ನಿಂತಿದ್ದಳು! ಅತ್ತೆವೋ ನಕ್ಕೆವೋ ಗೊತ್ತಿಲ್ಲ. ಭೂತಯ್ಯ ಅವಳ ಛತ್ರಿ ಕಸಿದುಕೊಂಡು ಕುಣಿದ.

ನಿಮ್ಮ ತಂದೆಯವರು ಬಂದು ಮಳೆಯಲ್ಲೇ ನಿಂತು ಒಬ್ಬೊಬ್ಬರ ಹೆಸರು ಹಿಡಿದು ಕರೆದರು. ಆಮೇಲೆ, "ಇನ್ನು ಯಾರೂ ಆ ಇಳಿಜಾರಿಗೆ ಹೋಗೋದು ಬೇಡ. ಮೇಲಿನ ಕಣದ ಹತ್ರ ಹೊಸ ಮನೆ ಕಟ್ಟೋಣ," ಎಂದರು. ನನ್ನ ಕಡೆ ತಿರುಗಿ, "ಗೆದ್ದೆ ಮಾರಾಯ್ತಿ," ಎಂದರು. ಭಾನುವಾರ ತಳಪಾಯಕ್ಕೆ ಗೆರೆ ಎಳೆದಿದ್ದಾರೆ. ಅವ್ವ ಒಲೆಯ ಜಾಗ ಆರಿಸಿಯೂ ಆಯಿತು.

ಆದರೆ ನಿಖಿ, ಮೂರು ಕಂಬ ಒಟ್ಟಿಗೆ ವಾಲಿದರೆ ಯಾರನ್ನೂ ಕೇಳದೆ ಸೈರನ್ ಹೊಡೆಯಬೇಕು ಎಂದು ಬರೆದವಳು ನೀನು. ನಾನು ಬದಲಿಸಿದ್ದು ಆ ನಿಯಮದ ಕೆಳಗೆ ಕೂತ ಡ್ರೈವರ್ ಮಾತ್ರ. ನಿನ್ನ ಫ್ರೇಮ್‌ವರ್ಕ್ ಇಲ್ಲದಿದ್ದರೆ ತಪ್ಪು ಅಳತೆ ಕೊಟ್ಟು ಸುಳ್ಳು ಹೇಳುತ್ತಿದ್ದ ಎರಡು ಕಂಬಗಳನ್ನು ಮಳೆಗೆ ಮೊದಲು ಹಿಡಿಯಲು ಆಗುತ್ತಿರಲಿಲ್ಲ. ಜಾವಳಿಯ ಎರಡು ತೋಟದವರು ಕಂಬ ಹುಗಿಯಲು ಕರೆದಿದ್ದಾರೆ. ಅಲ್ಲಿ ನಿನ್ನ ದಾರಿಯಲ್ಲೇ ಶುರು ಮಾಡಿ ನನ್ನ ದಾರಿಯಲ್ಲಿ ಮುಗಿಸೋಣ. ದಸರಾ ರಜಕ್ಕೆ ಬಾ.

ನಿನ್ನ,
ಧನ್ಯಶ್ರೀ

ಮರೆತದ್ದಲ್ಲ, ಬರೆಯಲು ಧೈರ್ಯ ಬೇಕಿತ್ತು: ಅಪ್‌ಡೇಟ್ ಬರುತ್ತದೆ, ಮೊದಲೇ ಹೊಸ ಆವೃತ್ತಿ ಹಾಕಿಕೊಳ್ಳಿ ಎಂದು ಫ್ರೇಮ್‌ವರ್ಕ್‌ನವರು ನಾಲ್ಕು ದಿನ ಮುಂಚೆಯೇ ವರ್ಕ್‌ಶಾಪಿಗೆ ಮೇಲ್ ಕಳಿಸಿದ್ದರು. ನಾನು ಓದಿದ್ದೆ. ಹಾಕಲಿಲ್ಲ. ನಿಂತುಹೋದರೆ ನನ್ನ ಮಾತೇ ಸರಿಯಾಗುತ್ತದಲ್ಲ ಎಂದುಕೊಂಡೆ, ಕೆಳಗೆ ನನ್ನ ಅಪ್ಪ ಅವ್ವ ಮಲಗುತ್ತಿದ್ದಾಗಲೂ. ಭೂತಯ್ಯನಿಗೆ ನಿನ್ನೆ ಹೇಳಿದೆ. ಈಗ ನಿನಗೆ. ನಿನ್ನದು ಏನೂ ತಪ್ಪಿರಲಿಲ್ಲ.