ಬಯಲಿನಲ್ಲಿ ನಡೆದವಳು

ಹಾರ್ಥ್‌ವೇಟ್
ಮೇ ೧೨, ಭಾನುವಾರ ಮಧ್ಯಾಹ್ನ

ನನ್ನ ಹಠಮಾರಿ ಅಮ್ಮನಿಗೆ, ಹಠದಲ್ಲಿ ಅವಳಿಗಿಂತ ಒಂದು ಕೈ ಮೇಲಾದ ಮಗಳ ಪ್ರೀತಿ.

ಹೇಗಿದ್ದೀಯ? ಆರ್ಕ್‌ನಿ ದ್ವೀಪದ ಗಾಳಿ ನಿನ್ನನ್ನು ಇನ್ನೂ ಸಮುದ್ರಕ್ಕೆ ಹಾರಿಸಿಲ್ಲ ಅಂದುಕೊಂಡಿದ್ದೇನೆ. ಕಿವಿಯ ಯಂತ್ರ ಹಾಕಿಕೊಳ್ಳುತ್ತಿದ್ದೀಯೋ, ಅದು ಇನ್ನೂ ಡಬ್ಬಿಯಲ್ಲೇ ಮಲಗಿದೆಯೋ? ನಿನ್ನ ರೂತ್ ಅಕ್ಕನ ಸೊಂಟದ ಆಪರೇಷನ್ ಗಾಯ ಒಣಗಿತೇ? ನೋಡಿಕೊಳ್ಳಲು ಹೋದವಳು ಅವಳನ್ನು ಎಬ್ಬಿಸಿ ಓಡಿಸಲು ನೋಡಬೇಡ, ದಮ್ಮಯ್ಯ. ಹಿಂದೊಮ್ಮೆ ಹಿಮದಲ್ಲಿ ಜಾರಿ ಮುರಿದುಕೊಂಡ ನಿನ್ನ ಎಡಗಾಲು ಅಲ್ಲಿಯ ಚಳಿಗೆ ಹಿಡಿದುಕೊಳ್ಳುತ್ತಿರಬೇಕು. ಉಣ್ಣೆಯ ಕಾಲುಚೀಲ ಎರಡು ಜೊತೆ ಬೇರೆ ಪಾರ್ಸೆಲಿನಲ್ಲಿ ಕಳಿಸಿದ್ದೇನೆ, ಹಾಕಿಕೋ. ಮುಂದೆ ಬರೆಯುವ ವಿಷಯವನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಿನಗೆ ಅರ್ಧ ಕೇಳಿಸುವುದಿಲ್ಲ, ಉಳಿದರ್ಧ ಕೇಳಿಸಿದರೂ ನೀನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಕಾಗದವನ್ನಾದರೆ ಪೂರ್ತಿ ಓದಲೇಬೇಕು.

ನಿನ್ನೆಯ ಗುಡ್ಡದ ಓಟದ ಸುದ್ದಿಯನ್ನು ಸ್ಟೆಲ್ಲಾ ಡಾಬ್ಸನ್ ಆಗಲೇ ರೂತ್ ಅಕ್ಕನಿಗೆ ಫೋನ್ ಮಾಡಿ ಊದಿರುತ್ತಾಳೆ. “ನಿಮ್ಮ ಲಿನೆಟ್ ಗೆಲ್ಲೋ ಓಟದಲ್ಲಿ ನಡ್ಕೊಂಡು ಬಂದ್ಲು ಕಣ್ರೀ, ಅದೂ ಬಯಲಲ್ಲಿ!” ಎಂದು ಹೇಳಿರುತ್ತಾಳೆ. ಹೌದು, ನಡೆದೆ. ಇಡೀ ಊರು ನೋಡುತ್ತಿರುವಾಗ ನಡೆದೆ. ನಾಚಿಕೆಯೂ ಇಲ್ಲ, ಕ್ಷಮೆಯನ್ನೂ ಕೇಳುವುದಿಲ್ಲ. ಯಾಕೆ ನಡೆದೆ ಎನ್ನುವುದನ್ನು ಮಾತ್ರ ಹೇಳುತ್ತೇನೆ.

ಜನವರಿಯಲ್ಲಿ ನಾನು ಮತ್ತೆ ಓಡಲು ಶುರು ಮಾಡಿದಾಗ ನಿನಗೆ ಎಷ್ಟು ಖುಷಿಯಾಗಿತ್ತು! ಒಂಬತ್ತು ವರ್ಷ ಬಿಟ್ಟಿದ್ದೆ. ಎರಡು ಮಕ್ಕಳು, ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ನೂರೆಂಬತ್ತು ತಟ್ಟೆ ಊಟ, ಸಂಜೆ ಮನೆಗೆ ಬಂದರೆ ಮತ್ತೆ ಅದೇ ಸೌಟು. ಆ ಗುಡ್ಡದ ಮೇಲೆ ಮಾತ್ರ ನಾನು ಯಾರ ಅಮ್ಮನೂ ಅಲ್ಲ, ಯಾರ ಅಡುಗೆಯವಳೂ ಅಲ್ಲ. ನನಗೆ ಅದು ವಾಪಸ್ ಬೇಕಿತ್ತು. ಮೊದಲ ವಾರವೇ ವಿಲ್ಫ್ ಮಾಮನ ಹತ್ತಿರ ಹೋದೆ. ನಲವತ್ತೈದು ವರ್ಷದಿಂದ ಓಟದ ಪಟ್ಟಿ ಬರೆಯುತ್ತಿರುವ ಆ ಪುಣ್ಯಾತ್ಮ ಇವತ್ತಿಗೂ ಅದೇ ಹಾಡು ಹಾಡುತ್ತಾರೆ: ನಿಧಾನದವರು ಮೊದಲು ಹೊರಡಬೇಕು, ಚುರುಕಿನವರು ಕೊನೆಗೆ, ತಮ್ಮ ಲೆಕ್ಕ ಸರಿಯಿದ್ದರೆ ಎಲ್ಲರೂ ಒಟ್ಟಿಗೇ ಗೆರೆ ಮುಟ್ಟಬೇಕು. ಲೆಕ್ಕ ಒಮ್ಮೆಯೂ ಸರಿಯಾದದ್ದನ್ನು ನಾನು ನೋಡಿಲ್ಲ. “ಎಲ್ಲಿ ಹಾಕ್ಲಮ್ಮಾ ನಿನ್ನ?” ಎಂದರು. “ನಮ್ಮ ಮನೆ ಜಾಗಕ್ಕೇ ಹಾಕಿ ಮಾಮ, ಕಟ್ಟಕಡೆಗೆ” ಎಂದೆ. ಪಬ್ಬಿನ ಹಲಗೆಯ ಮೇಲೆ, ನಿನ್ನ ಹಳೆಯ ದಾಖಲೆಯ ಕೆಳಗೇ, ನನ್ನ ಹೆಸರು ಬಿತ್ತು. ನನ್ನ ತಲೆಯೋ, ಆಕಾಶದಲ್ಲಿತ್ತು.

ಆ ಜಾಗ ಉಳಿಸಿಕೊಳ್ಳಲೆಂದು ಮೂರ್ಖಳಂತೆ ಓಡಿದೆ, ಅಮ್ಮಾ. ಶೆಡ್ಡಿನಲ್ಲಿದ್ದ ಒಂಬತ್ತು ವರ್ಷದ ಹಳೆಯ ಬೂಟು. ಗುಡ್ಡದ ಮೇಲೆ ಮಂಜು ಅಂತ ವಾರಕ್ಕೆ ಐದು ದಿನ ಡಾಂಬರು ರಸ್ತೆ. ಆರು ವಾರದಲ್ಲಿ ಉಸಿರು ಎಷ್ಟು ಚೆನ್ನಾಗಿ ತಿರುಗಿ ಬಂತೆಂದರೆ, ಹಳೆಯ ಲಿನೆಟ್ಟೇ ಬಂದಳೆಂದು ನಂಬಿದೆ. ಆಮೇಲೆ ಕಣಕಾಲಿನ ನೋವು ಶುರುವಾಯಿತು. ಬಲಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಮುಂದಿನ ಎಲುಬಿನ ಒಳ ಅಂಚಿನುದ್ದಕ್ಕೂ ಒಂದು ಗೇಣು ನೋವು. ಮೊದಲು ಓಡಿ ಮೈ ಬಿಸಿಯಾದರೆ ಹೋಗುತ್ತಿತ್ತು. ಆಮೇಲೆ ಹೋಗಲೇ ಇಲ್ಲ. ಬೆಳಿಗ್ಗೆ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿಯುತ್ತಿದ್ದೆ. ಬಟಾಣಿಯ ಪೊಟ್ಟಣವನ್ನು ಫ್ರೀಜರಿನಿಂದ ತೆಗೆದು ಕಾಲಿಗೆ ಕಟ್ಟಿಕೊಂಡು ಟಿವಿ ನೋಡುತ್ತಿದ್ದೆ. ಮಕ್ಕಳು ಇವತ್ತಿಗೂ ಬಟಾಣಿ ಮುಟ್ಟುವುದಿಲ್ಲ, “ಅದು ಅಮ್ಮನ ಕಾಲಿಂದು” ಅನ್ನುತ್ತವೆ. ನಿನಗೆ ಮಾತ್ರ ಹೇಳಲಿಲ್ಲ. “ನೋವಂತೆ ನೋವು! ಅದು ಸೋಮಾರಿಗಳು ಹುಟ್ಟಿಸಿದ ಮಾತು” ಎಂದು ನೀನು ಅನ್ನುವುದು ನನಗೆ ಮನೆಯ ಗೋಡೆಯಿಂದಲೇ ಕೇಳಿಸುತ್ತಿತ್ತು. ಹಲ್ಲು ಕಚ್ಚಿಕೊಂಡು ಓಡಿದೆ.

ಫೆಬ್ರವರಿ ಕೊನೆಯಲ್ಲಿ ಅಡುಗೆಮನೆಯ ಕಲ್ಲುನೆಲದ ಮೇಲೆ ನಿಲ್ಲುವುದಕ್ಕೇ ಆಗದೆ ಪಕ್ಕದ ಪಟ್ಟಣದ ಮಾರ್ಟಾ ಎಂಬ ಫಿಸಿಯೋಥೆರಪಿಸ್ಟ್ ಹತ್ತಿರ ಹೋದೆ. ಪೋಲೆಂಡಿನ ಹೆಂಗಸು, ಮಾತು ಖಡಕ್. ಒಂಟಿ ಕಾಲಲ್ಲಿ ಕುಪ್ಪಳಿಸಲು ಹೇಳಿದಳು. ಒಂದೇ ಸಲ, ಜೀವ ಬಾಯಿಗೆ ಬಂತು. ಹೆಬ್ಬೆರಳಿನಿಂದ ಎಲುಬನ್ನು ಒತ್ತುತ್ತಾ ಬಂದವಳು ಒಂದು ಕಡೆ ನಿಂತಳು, ನಾನು ಕಿರುಚಿದೆ. “ಇಡೀ ಕಾಲು ನೋಯ್ತಿದ್ರೆ ನಾನು ಹೆದರಲ್ಲ. ಈ ಬೆರಳಗಲ ಜಾಗ ಇದೆಯಲ್ಲ, ಇದಕ್ಕೆ ಹೆದರ್ತೀನಿ” ಎಂದಳು. ಸ್ಕ್ಯಾನ್ ಆಯಿತು. ಎಲುಬು ಇನ್ನೂ ಬಿರುಕು ಬಿಟ್ಟಿರಲಿಲ್ಲ, ಬಿಡಲು ತಯಾರಾಗಿ ಕೂತಿತ್ತು. ಇನ್ನೊಂದು ಹುಚ್ಚಾಟ ಸಾಕು, ಆಮೇಲೆ ಓಟದ ಆಸೆಯನ್ನೇ ಬಿಡಬೇಕಾದೀತು ಎಂದಳು. ನಾನು ನಿನ್ನ ಸೋಮಾರಿಗಳ ಮಾತು ಹೇಳಿದೆ. ಅವಳು ನಗಲೂ ಇಲ್ಲ. “ಉಸಿರು ಆರು ವಾರದಲ್ಲಿ ಬರುತ್ತೆ, ಎಲುಬಿಗೆ ತಿಂಗಳುಗಟ್ಟಲೆ ಬೇಕು. ಅದು ನಿಮ್ಮ ಮಾತೂ ಕೇಳಲ್ಲ, ನಿಮ್ಮಮ್ಮನ ಮಾತೂ ಕೇಳಲ್ಲ” ಎಂದಳು. ಹೊರಗೆ ಬಂದು ಕಾರಿನಲ್ಲಿ ಕೂತು ಅತ್ತೆ, ಹೇಳಿಬಿಡುತ್ತೇನೆ.

ಆರು ವಾರ ಓಟವಿಲ್ಲ. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು, ಇಳಿಸುವುದು, ದಿನಕ್ಕೆ ತೊಂಬತ್ತು ಸಲ. ಹೊಸ ಬೂಟು. ಏಪ್ರಿಲ್‌ನಲ್ಲಿ ಹುಲ್ಲಿನ ಮೇಲೆ ಮಾತ್ರ, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಮೇ ಹೊತ್ತಿಗೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಕೈಗಡಿಯಾರ ಕೂಗಿದರೆ ನಡೆಯಬೇಕು, ಯಾರು ನೋಡಲಿ ಬಿಡಲಿ. ಆ ಕರಾರಿನ ಮೇಲೆಯೇ ಮಾರ್ಟಾ ನನ್ನನ್ನು ನಿನ್ನೆಯ ಓಟಕ್ಕೆ ಬಿಟ್ಟದ್ದು. ಕಳೆದ ವಾರ ನಿನ್ನ ಕಾರ್ಡು ಬಂತಲ್ಲ, “ಕೊನೆಗೇ ಹೊರಡು. ನಮ್ಮ ಮನೆಯವರು ಯಾರೂ ಮೊದಲು ಹೊರಟವರಲ್ಲ” ಎಂದು. ಅದನ್ನು ಜೇಬಿನಲ್ಲಿಟ್ಟುಕೊಂಡೇ ಪಬ್ಬಿಗೆ ಹೋಗಿ, “ಮಾಮ, ನನ್ನ ಹೆಸರು ಅಳಿಸಿ ಮೊದಲನೆಯದಾಗಿ ಬರೀರಿ” ಎಂದೆ. ಗ್ಲಾಸುಗಳೆಲ್ಲ ಗಾಳಿಯಲ್ಲೇ ನಿಂತವು. “ನಿನ್ನಮ್ಮ ಕೇಳಿದ್ರೆ ನನ್ನ ಚರ್ಮ ಸುಲೀತಾಳೆ ಕಣೇ” ಎಂದು ಗೊಣಗುತ್ತಲೇ ವಿಲ್ಫ್ ಮಾಮ ಬರೆದರು. ಎಂಬತ್ತೆರಡು ವರ್ಷದ ಒಬ್ಬ ತಾತನಿಗಿಂತಲೂ ಒಂದು ನಿಮಿಷ ಮುಂಚೆ!

ನಿನ್ನೆ ಗೆರೆಯ ಮೇಲೆ ಒಬ್ಬಳೇ ನಿಂತು ಒಬ್ಬಳೇ ಹೊರಟೆ. ಏರಿನಲ್ಲಿ ಎಲ್ಲರೂ ನಡೆಯುತ್ತಾರೆ, ಮೊಣಕಾಲಿಗೆ ಕೈಯೂರಿ ನೀನೂ ನಡೆದವಳೇ, ಅದಕ್ಕೆ ಯಾರೂ ನಗುವುದಿಲ್ಲ. ತುದಿಯ ಕಲ್ಲುಗುಡ್ಡೆ ಮುಟ್ಟಿ ತಿರುಗಿದಾಗಲೂ ನನ್ನ ಮುಂದೆ ಯಾರೂ ಇರಲಿಲ್ಲ. ಕುರಿಗಳು ನನ್ನನ್ನೇ ನೋಡುತ್ತಿದ್ದವು. ನಡೆಯುವವರ ಲೆಕ್ಕ ಹಾಕುವುದು ವಿಲ್ಫ್ ಮಾಮನಿಗೆ ಗೊತ್ತೇ ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಸಮಯ ಕೊಟ್ಟುಬಿಟ್ಟಿದ್ದರು! ಕೊನೆಯ ಕಲ್ಲುಗೋಡೆ ದಾಟಿ ಹಸಿರು ಬಯಲಿಗೆ ಇಳಿದೆ. ಗೆರೆ ಇನ್ನೂರು ಗಜ ದೂರ, ಊರೆಲ್ಲ ಅಲ್ಲಿ. ಹಿಂದೆ ಸ್ಟೆಲ್ಲಾಳ ಕೆಂಪು ಅಂಗಿ ಗೋಡೆ ಹತ್ತುತ್ತಿತ್ತು. ಓಡಿದ್ದರೆ ಗೆಲ್ಲುತ್ತಿದ್ದೆ. ಆಗ ಗಡಿಯಾರ ಕೂಗಿತು.

ನಡೆದೆ, ಅಮ್ಮಾ. “ಓಡೇ! ಓಡೇ ಲಿನೆಟ್! ಏನಾಯ್ತೇ ನಿಂಗೆ?” ಎಂದು ಊರೇ ಅರಚುತ್ತಿತ್ತು. “ಮೌರೀನ್ ಮಗಳಾಗಿ ಹಿಂಗಾ?” ಎಂದು ಯಾರೋ ಕೂಗಿದರು. ಆ ಮಾತಿಗೆ ಕಾಲು ತಾನೇ ಓಡಲು ಎದ್ದಿತು, ಸತ್ಯವಾಗಿ ಹೇಳುತ್ತೇನೆ. ಹಿಡಿದೆ. ಅಷ್ಟು ಕಷ್ಟದ ಕೆಲಸವನ್ನು ನಾನು ಆ ಗುಡ್ಡದ ಮೇಲೆ ಎಂದೂ ಮಾಡಿಲ್ಲ. ಸ್ಟೆಲ್ಲಾ ದಾಟಿದಳು, ಅವಳ ಹಿಂದೆ ಇನ್ನಿಬ್ಬರು. ನಾನು ತಲೆಯೆತ್ತಿಕೊಂಡು, ಕೈಬೀಸಿಕೊಂಡು, ನಡೆದೇ ಗೆರೆ ದಾಟಿದೆ. ನಾಲ್ಕನೆಯವಳು. ಗೆದ್ದವರಿಗೆ ಕೊಡುವ ಕಪ್ ಸ್ಟೆಲ್ಲಾಳ ಮನೆಗೆ ಹೋಯಿತು, ಇಟ್ಟುಕೊಳ್ಳಲಿ. ಇವತ್ತು ಬೆಳಿಗ್ಗೆ ನಾನು ಮೆಟ್ಟಿಲನ್ನು ಮುಂದೆ ಮುಖ ಮಾಡಿಕೊಂಡು ಇಳಿದೆ. ಹೆಬ್ಬೆರಳಿನಿಂದ ಆ ಜಾಗವನ್ನು ಒತ್ತಿ ನೋಡಿದೆ. ಏನೂ ಇಲ್ಲ. ಮಂಗಳವಾರ ಮತ್ತೆ ಓಡುತ್ತೇನೆ, ಮುಂದಿನ ವರ್ಷವೂ ಓಡುತ್ತೇನೆ, ನಿನ್ನ ವಯಸ್ಸಿನಲ್ಲೂ ಓಡುತ್ತೇನೆ. ನಿನಗೆ ಕೋಪ ಬಂದರೆ ಬರಲಿ.

ರೂತ್ ಅಕ್ಕನಿಗೆ ಒಂದು ಅಪ್ಪುಗೆ. ಮಕ್ಕಳು ನಿನಗೆ ಮುತ್ತು ಕಳಿಸಿದ್ದಾರೆ, ಜೊತೆಗೆ ಶುಂಠಿ ಬ್ರೆಡ್ಡನ್ನೂ ಕಳಿಸಬೇಕೆಂದಿದ್ದರು, ಕಳಿಸುವ ಮೊದಲೇ ತಿಂದರು. ಬೆಚ್ಚಗಿರು.

ನಿನ್ನ ಮಾತು ಮೀರಿದ ಮಗಳು,
ಲಿನೆಟ್

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದೊಂದು. ಮನೆಯಲ್ಲಿ ಬೇರೆ ಯಾರಿಗಾದರೂ ಎಲುಬು ಮುರಿದಿತ್ತೇ ಎಂದು ಮಾರ್ಟಾ ಕೇಳಿದಾಗ, ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ಹಿಮದಲ್ಲಿ ಜಾರಿದ್ದಳು ಎಂದಿದ್ದೆ. ನಿನ್ನೆ ಓಟ ಮುಗಿದ ಮೇಲೆ ಅದನ್ನೇ ವಿಲ್ಫ್ ಮಾಮನಿಗೂ ಹೇಳಿದೆ. ಅವರು ನನ್ನ ಕಾಲನ್ನು ನೋಡಿ, “ಯಾವ ಹಿಮ ಕಣೇ? ಅದು ಮೇ ತಿಂಗಳು. ನಿನ್ನಮ್ಮ ದಾಖಲೆ ಮಾಡಿದ ದಿನ. ವಾರದಿಂದ ಕುಂಟುತ್ತಿದ್ದವಳು ಆ ಬಯಲಲ್ಲಿ ಓಡಿ ಗೆದ್ಲು, ಗೆರೆ ದಾಟಿ ಬಿದ್ಲು, ನಾವು ಹೊತ್ಕೊಂಡು ಹೋದ್ವಿ” ಎಂದರು. ಆಮೇಲೆ ನೀನು ಒಂದು ದಿನವೂ ಓಡಲಿಲ್ಲ, ಅಲ್ಲವೇ? ಮುಂದಿನ ವರ್ಷದ ಪಟ್ಟಿಗೆ ನಿನ್ನ ಹೆಸರು ಬರೆಸಿದ್ದೇನೆ. ನನಗಿಂತ ಐದು ನಿಮಿಷ ಮುಂಚೆ ಹೊರಡುತ್ತೀಯ, ಬಯಲಿನಲ್ಲಿ ನಡೆಯುತ್ತೀಯ, ನಗುವವರನ್ನು ನಾನು ನೋಡಿಕೊಳ್ಳುತ್ತೇನೆ. ಆಗುವುದಿಲ್ಲ ಎನ್ನುವುದಾದರೆ ಕಾಗದ ಬರೆ. ಆದರೆ ಅದರಲ್ಲಿ ಮೊದಲು ಆ ಮೇ ತಿಂಗಳ ಹಿಮದ ವಿಷಯ ಬರೆ.