ಮೂರನೆಯ ಹಂತದ ಬಾಯಿ

ಭಾನುವಾರ, ಅಂಗಡಿಯಿಂದ

ಮಗಳೇ ಗುಬ್ಬಿ, ಚಿಕ್ಕಪ್ಪನ ಆಶೀರ್ವಾದಗಳು.

ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಬೊಚ್ಚುಬಾಯಿಯ ನ್ಯಾಯಾಧೀಶರೊಬ್ಬರಿಗೆ ಹಲ್ಲು ಸೆಟ್ ಕೂರಿಸುವ ಗಡಿಬಿಡಿಯಿತ್ತು. ಕೂರಿಸಿದ ಮೇಲೆ ಅವರು ಕೊಟ್ಟ ಮೊದಲ ತೀರ್ಪು, ಇಂಥ ಹಲ್ಲು ದೇವರೂ ಕೊಟ್ಟಿರಲಿಲ್ಲ ಎಂದು. ನಾನೇನೂ ಹೇಳಿಸಿದ್ದಲ್ಲ.

ನೀನು ಮಾಡಿದ ಕಂಪ್ಯೂಟರ್ ಆಟ ಆಡಿದೆ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಷ್ಟೇ ಓದಿದ ನನ್ನ ಪಾಡು ನೋಡಲು ನಿನ್ನ ಚಿಕ್ಕಮ್ಮ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡಳು. ಎರಡು ಗುಹೆಯ ರಾಕ್ಷಸರನ್ನು ಗುಡಿಸಿ ಹಾಕಿದೆ. ಮೂರನೆಯದರಲ್ಲಿ ಒಂದು ದರಿದ್ರ ಪ್ರಾಣಿ ಕುತ್ತಿಗೆ ಕಚ್ಚಿತು. ‘ನಿಮಗೆ ನೆತ್ತರುದಾಹ ತಗುಲಿದೆ’ ಎಂದು ಪರದೆಯ ಮೇಲೆ ಬಂತು. ಬೇಗ ಕಷಾಯ ಕುಡಿದರೆ ವಾಸಿಯಂತೆ. ನನಗೆಂಥ ರೋಗ ಬಂದೀತು ಎಂದು ಕಷಾಯ ಮಾರಿ ಬೂಟು ಕೊಂಡೆ.

ರೋಗದ ಮೊದಲ ಹಂತದಲ್ಲಿ ಬಿಸಿಲು ಸುಟ್ಟಿತು. ಎರಡನೆಯದರಲ್ಲಿ ಅನ್ನ ಸೇರಲಿಲ್ಲ. ಅದನ್ನೆಲ್ಲ ಸಹಿಸಿದೆ. ಮೂರನೆಯ ಹಂತದಲ್ಲಿ ನನ್ನ ವೀರ, ಮಲಗಿದ್ದ ಕುರಿ ಕಾಯುವವನ ಕುತ್ತಿಗೆಗೆ ಬಾಯಿ ಹಾಕಿದನಲ್ಲ, ಥೂ. ಕಣ್ಣು ಅರೆಮುಚ್ಚಿ ಸುರ್‍ರನೆ ಹೀರಿದ. ನಾಲಿಗೆಯನ್ನು ಒಸಡಿನ ಸುತ್ತ ತಿರುಗಿಸಿದ. ಹಲ್ಲಿನ ಸಂದಿಯಿಂದ ಚಿಸ್ ಎಂದು ಎಳೆದ. ಬೆರಳು ಬುಡದವರೆಗೆ ನೆಕ್ಕಿ ಅಂಗಿಯ ಅಂಚಿಗೆ ಒರೆಸಿಕೊಂಡ. ದಿನವಿಡೀ ಬೇರೆಯವರ ಬಾಯಲ್ಲಿ ಕೈಯಿಟ್ಟು ದುಡಿಯುವ ನಾನೇ ಮುಖ ಆಚೆ ತಿರುಗಿಸಿದೆ.

“ಹಂದಿ ನನ್ಮಗ,” ಎಂದೆ. “ಇವನ ಮುಂದೆ ಕೂತು ಯಾರು ತಾನೇ ಊಟ ಮಾಡ್ತಾರೆ?”

“ನಾನು ಮಾಡ್ತೀನಲ್ಲ,” ಎಂದಳು ನಿನ್ನ ಚಿಕ್ಕಮ್ಮ. ಯಾಕೆ ನಗ್ತೀಯ ಎಂದರೆ ಎದ್ದು ಒಳಗೆ ಹೋದಳು.

ಕೋರೆಹಲ್ಲು ಚೆನ್ನಾಗಿವೆ, ನಾನು ಕಳಿಸಿದ ಮೇಣದ ಅಚ್ಚಿನಂತೆಯೇ ಇವೆ. ಆದರೆ ಆ ಹೇಸಿಗೆ ಬಾಯಿಯನ್ನು ಕಿತ್ತುಹಾಕು. ಆಟ ಬಿಡುಗಡೆಯ ಊಟಕ್ಕೆ ಖಂಡಿತ ಬರುತ್ತೇನೆ. ನಿನ್ನ ಕಂಪನಿಯ ಸಾಹೇಬರ ಪಕ್ಕದಲ್ಲೇ ಕೂರಿಸು, ನಾಲ್ಕು ಕಥೆ ಹೇಳಿ ನಗಿಸುತ್ತೇನೆ.

ನೀನು ಕೈಗೆತ್ತಿಕೊಂಡ ಕೆಲಸವೆಲ್ಲ ಬೆಳಗಲಿ, ತಾಯಿ.

ನಿನ್ನ ಚಿಕ್ಕಪ್ಪ,
ಹಲ್ಲಿನ ಸಾಹುಕಾರ

ತಾ.ಕ.: ಕಾಗದ ಮಡಿಸಿಟ್ಟು ಊಟಕ್ಕೆ ಕೂತಿದ್ದೆ. ಗಿರಾಕಿಗಳಿಗೆ ಹಲ್ಲು ತೋರಿಸುವ ಕನ್ನಡಿಯನ್ನು ನಿನ್ನ ಚಿಕ್ಕಮ್ಮ ತಂದು ನನ್ನ ತಟ್ಟೆಯ ಮುಂದೆ ನಿಲ್ಲಿಸಿದಳು. ಮೂಳೆ ಚೀಪುತ್ತಿದ್ದವನು ತಲೆ ಎತ್ತಿದೆ. ಕನ್ನಡಿಯಲ್ಲಿ ಅವನೇ ಇದ್ದ. ಹೋದ ಸಲ ನೀನು ಮೊಬೈಲನ್ನು ನನ್ನ ತಟ್ಟೆಯ ಹತ್ತಿರ ನನ್ನ ಮುಖದತ್ತ ನಿಲ್ಲಿಸಿಟ್ಟು, “ಇನ್ನೊಂದು ಮೂಳೆ ತಗೊಳ್ಳಿ ಚಿಕ್ಕಪ್ಪ,” ಎಂದದ್ದನ್ನು ಎಂಥ ಪ್ರೀತಿ ಎಂದು ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಚಿಕ್ಕವಳಿದ್ದಾಗ ನೀನು ತಟ್ಟೆ ಹಿಡಿದು ಕಿಟಕಿಯ ಹತ್ತಿರ ಎದ್ದು ಹೋಗುತ್ತಿದ್ದೆ. ಮಗುವಿಗೆ ಬೆಳಕೆಂದರೆ ಇಷ್ಟ ಎಂದುಕೊಂಡಿದ್ದೆ. ಆಟದ ಆ ಬಾಯಿಯನ್ನು ಕಿತ್ತುಹಾಕಬೇಡ, ಕೆಲಸ ಅಚ್ಚುಕಟ್ಟಾಗಿದೆ. ಆ ದಿನ ಬರುತ್ತೇನೆ. ಮನೆಯಲ್ಲೇ ಉಂಡು ಬರುತ್ತೇನೆ.