ಟೋಕನ್ ಸೊನ್ನೆ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಕಿಟಕಿ ತೆಗೆದು ಒಂದೂವರೆ ಗಂಟೆ. ಕೊಟ್ಟ ಟೋಕನ್ ಎಪ್ಪತ್ತೆರಡು, ಒಳಗೆ ಹೋದವರು ಮೂವರು. ಆಸ್ಪತ್ರೆ ಓಪಿಡಿಯ ಟೋಕನ್ ಸಿಂಹಾಸನದಲ್ಲಿ ವಿರಾಜಮಾನಳಾದ ನಾನು ಮೈಕ್ ಹಿಡಿದು ಘೋಷಿಸಿದೆ: "ಮಹಾಜನಗಳೇ, ಡಾಕ್ಟರು ಲಿಫ್ಟಿನಲ್ಲಿದ್ದಾರೆ. ಲಿಫ್ಟು ಮಾತ್ರ ಎಲ್ಲೂ ಹೋಗುತ್ತಿಲ್ಲ." ಜನ ಗೊಳ್ಳೆಂದರು. ಹೇಳಿದ್ದು ನಿಜವೇ!

ಹೆಡ್ ಸಿಸ್ಟರ್ ಬಂದರು. ನನ್ನ ಪಾಲಿನ ಹೈಕೋರ್ಟು.

"ಏನೇ, ಇದೇನು ನಾಟಕ ಕಂಪನಿನಾ? ನಿನ್ನ ಟ್ರಯಲ್ ಮುಗಿಯೋಕೆ ಹನ್ನೆರಡು ದಿನ. ಇನ್ನೊಂದು ಚೇಷ್ಟೆ ಮಾಡಿದ್ಯೋ, ಮನೆಗೆ ನಡಿ."

ಅದೇ ದಿನ, ಸಂಜೆ

ಮನೆಯಲ್ಲಿ ಮೇಲ್ಮನವಿ, ಅದೂ ವಜಾ. ಅಕ್ಕ: "ಬಾಯಿಂದಾನೇ ಎರಡು ಕೆಲಸ ಕಳ್ಕೊಂಡಿದ್ದೀಯ. ಇದು ಮೂರನೇದು ಆದ್ರೆ ನಾನಂತೂ ಹುಡುಕಿ ಕೊಡಲ್ಲ." ಇಂದಿನಿಂದ ಬಾಯಿಗೆ ಬೀಗ. ಬೀಗದ ಕೈ ಎಲ್ಲಿಟ್ಟೆನೋ ಮರೆಯದಿದ್ದರೆ ಸಾಕು...

ಮಾರ್ಚ್ 5, ಬುಧವಾರ

ಗುಡುಗಜ್ಜ ಬಂದ — ಹೆಸರು ನಾನಿಟ್ಟದ್ದು. ಮೊಣಕಾಲು ನೋವು, ಧ್ವನಿಗೇನೂ ನೋವಿಲ್ಲ. ಕೋಲಿನಿಂದ ಕಿಟಕಿ ಕುಟ್ಟಿ, "ನಾನ್ಯಾಕೆ ನಲವತ್ತೇಳು? ನನಗಿಂತ ದೊಡ್ಡೋರು ಯಾರಿದ್ದಾರೆ ಇಲ್ಲಿ?"

"ನಲವತ್ತಾರು ಜನ, ಅಜ್ಜ."

ಗುಡುಗು. ಇನ್ನೂ ಗುಡುಗು. ಕೈ ಸುಮ್ಮನಿರಲಿಲ್ಲ — ಬಾಯಿಗೆ ಬೀಗ, ಕೈಗಲ್ಲವಲ್ಲ. ಕೆಂಪು ಫೈಲಿನ ರಟ್ಟು ಕತ್ತರಿಸಿ, ದುಂಡಗೆ 0 ಬರೆದು, ಎರಡೂ ಕೈಯಲ್ಲಿ ಒಪ್ಪಿಸಿದೆ. "ಇದು ಒಂದಕ್ಕಿಂತಲೂ ಮುಂದಿನದು ಅಜ್ಜ. ಯಾವಾಗ ಕರೀತೀವಿ ಅಂತ ಮಾತ್ರ ಕೇಳಬಾರದು."

ಅಜ್ಜ ಮಹಾರಾಜನಂತೆ ಕೂತ. ನಲವತ್ತಾರು ಆದ ಮೇಲೆ "ಟೋಕನ್ ಸೊನ್ನೆ!" ಎಂದು ಕೂಗಿದೆ. ಎದೆಯುಬ್ಬಿಸಿ ಒಳಗೆ ಹೋದ. ರಟ್ಟು ವಾಪಸ್ ಕೊಡಲೇ ಇಲ್ಲ.

ಮಾರ್ಚ್ 12, ಬುಧವಾರ. ಮಧ್ಯಾಹ್ನ 2.00

ಊಟ ಬಿಟ್ಟು ಬರೆಯುತ್ತಿದ್ದೇನೆ.

ವಾರ್ಡಿನಲ್ಲಿ ಏನೋ ಎಮರ್ಜೆನ್ಸಿ, ಡಾಕ್ಟರು ಎರಡು ಗಂಟೆ ತಡ. ಹೈಕೋರ್ಟೂ ಅಲ್ಲೇ. ಜನ ಕುದಿಯುತ್ತಿದ್ದರು, ಮುಂದಿನ ಬೆಂಚಿನಲ್ಲಿ ಗುಡುಗಜ್ಜನೂ. ಒಂದೇ ಒಂದು, ಸಣ್ಣದು, ಅಂದುಕೊಂಡು ಮೈಕ್ ಒತ್ತಿದೆ: "ಕಾದು ಕಾದೇ ಕಾಯಿಲೆ ವಾಸಿಯಾದವರು ದಯವಿಟ್ಟು ಟೋಕನ್ ಹಿಂದಿರುಗಿಸಿ."

ಎಲ್ಲರೂ ನಕ್ಕರು. ಕಂಬದ ಪಕ್ಕದ ಅಮ್ಮ ಒಬ್ಬರು ನಗಲಿಲ್ಲ. ಎಂಬತ್ತೊಂದನೇ ಟೋಕನ್. ಬೆಳಿಗ್ಗೆ, "ದವಡೆ ಎಳೀತಿದೆ ಮಗಳೇ, ಹುಳುಕು ಹಲ್ಲಿರಬೇಕು. ಅವಸರ ಏನಿಲ್ಲ" ಅಂದವರು. ಈಗ ಫ್ಯಾನಿನ ಕೆಳಗೇ ಕೂತು ಬೆವರುತ್ತಿದ್ದರು. ಮುಖ ಸುಣ್ಣ. ವೀಲ್‌ಚೇರ್ ತಂದು ಕೂರಿಸಿದೆ.

ಡಾಕ್ಟರು ಆಗಷ್ಟೇ ಬಂದಿದ್ದರು. ಬಾಗಿಲಲ್ಲಿ ಜನರ ಕೋಟೆ. ವೀಲ್‌ಚೇರ್ ತಳ್ಳಿಕೊಂಡು, "ದಾರಿ ಬಿಡಿ, ಎಮರ್ಜೆನ್ಸಿ!" ಅಂದೆ.

"ನಂದೂ ಎಮರ್ಜೆನ್ಸಿನೇ ಕಣಮ್ಮ. ಅವರ ನಂಬರ್ ಎಷ್ಟು?"

ನಂಬರ್! ಈ ಜನ ಯಮನಿಗೂ ಟೋಕನ್ ಕೇಳುವವರು. ಓಡಿ ಹೋಗಿ ಮೈಕ್ ಹಿಡಿದೆ. "ಟೋಕನ್ ಸೊನ್ನೆ!"

ಅಜ್ಜ ಎದ್ದ. ಕೋಲು ಟಕ್ ಟಕ್. ಕೋಟೆ ಇಬ್ಭಾಗ — ಸೊನ್ನೆಗೆ ಎದುರಾಡುವವರು ಯಾರು? ಹಿಂದೆಯೇ ನಾನು, ವೀಲ್‌ಚೇರ್. ಬಾಗಿಲಲ್ಲಿ ಅಜ್ಜ ತಿರುಗಿ ಅಮ್ಮನ ಮುಖ ನೋಡಿದ. ಜೇಬಿನಿಂದ ಕೆಂಪು ರಟ್ಟು ತೆಗೆದು ಅವರ ಮಡಿಲಲ್ಲಿಟ್ಟ.

"ಹೋಗಮ್ಮ. ನಂದು ಬರೀ ಮೊಣಕಾಲು."

ಇಸಿಜಿ. ಹಲ್ಲಲ್ಲ, ಹಾರ್ಟ್ ಅಟ್ಯಾಕ್. ಐದೇ ನಿಮಿಷದಲ್ಲಿ ಮೇಲಿನ ಮಹಡಿಗೆ. ಲಿಫ್ಟು ಕೂಡ ಮರ್ಯಾದೆಯಿಂದ ನಡೆದುಕೊಂಡಿತು.

ಸ್ಟ್ರೆಚರ್ ಹೋದ ಮೇಲೆ ನೆಲದಲ್ಲಿ ಬಿದ್ದಿದ್ದ ರಟ್ಟನ್ನು ಹೈಕೋರ್ಟು ಎತ್ತಿಕೊಂಡರು. "ಇದೇನು?" ಎಲ್ಲ ಒಪ್ಪಿಕೊಂಡೆ. "ನಾಳೆ ಒಂಬತ್ತಕ್ಕೆ, ಸೂಪರಿಂಟೆಂಡೆಂಟ್ ರೂಮು."

ಮಾರ್ಚ್ 13. ಬೆಳಿಗ್ಗೆ 7.30

ಅಕ್ಕ ಬೈಯಲಿಲ್ಲ. ನನ್ನ ಬಟ್ಟೆ ಇಸ್ತ್ರಿ ಮಾಡಿಟ್ಟಿದ್ದಾಳೆ. ಕೆಟ್ಟ ಶಕುನ.

ಮಾರ್ಚ್ 13. ಮಧ್ಯಾಹ್ನ 1.15

ಮೇಜಿನ ಮೇಲೆ ನನ್ನ ಸೊನ್ನೆ, ಸಾಕ್ಷ್ಯದ ಹಾಗೆ. ಸೂಪರಿಂಟೆಂಡೆಂಟ್ ಕನ್ನಡಕ ಒರೆಸಿ, "ಏನ್ ಹೇಳ್ತೀರಿ ಸಿಸ್ಟರ್?" ಅಂದರು.

"ಹುಡುಗಿ ಮಾಡಿರೋದು ಸರಿಯಿಲ್ಲ ಸರ್."

ನಾನು ಬಾಗಿಲಿನ ಕಡೆ ತಿರುಗಿದೆ.

"ರಟ್ಟು ತೀರಾ ತೆಳು. ಲ್ಯಾಮಿನೇಷನ್ ಮಾಡಿಸ್ಬೇಕು. ಐದು ಸಾಕು. ಬೆಳಿಗ್ಗೆ ಸಾಲು ಸುತ್ತಿ ನೋಡಿ, ತೀರಾ ಕಷ್ಟದಲ್ಲಿರೋರಿಗೆ ನಾನೇ ಕೊಡ್ತೀನಿ. ಕೂಗೋಕೆ ಇವಳೇ ಇರಲಿ — ಇವಳ ಗಂಟಲಿಗೆ ಜನ ದಾರಿ ಬಿಡ್ತಾರೆ."

ಕೆಲಸ ಖಾಯಂ! ಅಕ್ಕ ಫೋನಿನಲ್ಲಿ ಅತ್ತಳು, ಆಮೇಲೆ ಬೈದಳು. ಈಗ ಸಮಾಧಾನ.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 10.20

ಮೇಲಿನ ಮಹಡಿಯ ಅಮ್ಮ ಇವತ್ತು ಎದ್ದು ಕೂತರಂತೆ. ಮಗಳ ಕೈಯಲ್ಲಿ ಹೇಳಿ ಕಳಿಸಿದ್ದಾರೆ: "ಅವತ್ತಿನ ಜೋಕು ಇನ್ನೊಂದ್ಸಲ ಹೇಳಲಿ, ಈಗ ನಗ್ತೀನಿ."

ಗುಡುಗಜ್ಜ ಕಿಟಕಿ ಮುಂದೆ. ಸೊನ್ನೆಯ ಪದವಿ ಹೋಗಿ ಬಾಡಿದ್ದಾನೆ. ಗುಡುಗಲೂ ಇಲ್ಲ. ನೋಡಲಾಗದೆ ಹಸಿರು ರಟ್ಟು ಕತ್ತರಿಸಿದೆ. ದುಂಡಗೆ 'ಮೈನಸ್ ಒಂದು' ಅಂತ ಬರೆದು — ಬೆನ್ನ ಹಿಂದೆ ಯಾರೋ ಉಸಿರಾಡಿದ ಹಾಗೆ... ಹೈಕೋರ್ಟು? ಎಷ್ಟು ಹೊತ್ತಿನಿಂದ ಈ ಡೈರಿ ಓದ್ತಾ —